ಹೊಕ್ಕುಳ ಬಳ್ಳಿ ರಕ್ತ ಇಡಿಸೋಣ್ವಾ ಸರ್?

"ಮಗಳಿಗೆ ಏಳು ತಿಂಗಳು ಸರ್. ಹೆರಿಗೆ ಟೈಮಲ್ಲಿ ಹೊಕ್ಕುಳ ಬಳ್ಳಿ ರಕ್ತ ತೆಗೆದಿಟ್ಟರೆ, ಮಗುಗೆ ಮುಂದೆ ಏನೇ ಕಾಯಿಲೆ ಬಂದರೂ ಅದರಲ್ಲೇ ವಾಸಿ ಮಾಡಬಹುದಂತೆ. ಸಾಲ ಮಾಡಿಯಾದ್ರೂ ಇಡಿಸೋಣ್ವಾ?"

ಶ್ರೀನಿವಾಸಪುರದ ಕಡೆಯಿಂದ ಬಂದ ಪ್ರಶ್ನೆ. ಇದು ಎಷ್ಟನೇ ಸಲವೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಸಾಲ ಮಾಡಬೇಡಿ. ಇಷ್ಟೇ ಹೇಳಿದರೆ ನೀವು ಒಪ್ಪಲ್ಲ ಅಂತಲೂ ಗೊತ್ತು. ರಕ್ತ ಇಡಿಸಿ ಅಂತ ಬಂದ ಹುಡುಗ ನನಗಿಂತ ಚೆನ್ನಾಗಿ ಮಾತಾಡಿರುತ್ತಾನೆ.

ಬಳ್ಳಿ ರಕ್ತದಲ್ಲಿ ಕಾಂಡಕೋಶಗಳಿವೆ (ಸ್ಟೆಮ್ ಸೆಲ್ ಅಂತಾರಲ್ಲ, ಬೇರೆ ಕೋಶಗಳನ್ನು ಹುಟ್ಟಿಸುವ ಮೂಲ ಕೋಶಗಳು), ನಿಜ. ಆದರೆ ಕಾಂಡಕೋಶದಲ್ಲೂ ಬಗೆಗಳಿವೆ. ಭ್ರೂಣದ್ದು ಒಂದನೇ ಕ್ಲಾಸಿನ ಮಗು ಇದ್ದ ಹಾಗೆ, ಮುಂದೆ ಏನು ಬೇಕಾದರೂ ಆದೀತು. ಬಳ್ಳಿ ರಕ್ತದ್ದು ಆಗಲೇ ಐಟಿಐ ಫಿಟ್ಟರ್ ಕೋರ್ಸಿಗೆ ಸೇರಿಯಾಗಿದೆ. ರಕ್ತ ಮಾಡುವುದೇ ಅದರ ಕಸುಬು. ಮೂಳೆ ಮಜ್ಜೆಯಲ್ಲಿ ಇರುವಂಥದ್ದೂ ಅದೇ. (ಫಿಟ್ಟರ್‌ನನ್ನು ವಾಪಸ್ ಒಂದನೇ ಕ್ಲಾಸಿಗೆ ಕಳಿಸುವ ಉಪಾಯವನ್ನು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿ ಮಾಡಿ ತೋರಿಸಿದರು, 2012ರಲ್ಲಿ ನೊಬೆಲ್ ಬಂತು. ಅದು ಬೇರೆ ಕಥೆ.) ಬಳ್ಳಿ ರಕ್ತ ಸಕ್ಕರೆ ಕಾಯಿಲೆ, ಆಟಿಸಂ, ಲಕ್ವ ಎಲ್ಲಕ್ಕೂ ಆಗುತ್ತೆ ಅಂದರೆ ನಂಬಬೇಡಿ. ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದು ಪ್ರಯೋಗವಾಗಿ ಮಾತ್ರ ನಡೆಯಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲೇ ಹೇಳಿದೆ.

ರಕ್ತದ ಕಾಯಿಲೆಗಾದರೂ ಬಂತಲ್ಲ ಅಂತೀರಿ. ನಿಮ್ಮದು ಮಾವಿನ ಊರು, ಕಸಿ ವಿಷಯ ನಾನು ನಿಮಗೆ ಹೇಳಿಕೊಡಬೇಕಾ? ಹುಳಿ ಮಾವಿನ ಮರದ ಕುಡಿ ಕಿತ್ತು ಅದೇ ಮರಕ್ಕೆ ಕಟ್ಟಿದರೆ ಬಾದಾಮಿ ಹಣ್ಣು ಬಿಡುತ್ತಾ? ಬೇರೆ ತೋಟದಿಂದ ಕುಡಿ ತರುತ್ತೀರಿ ಅಲ್ವಾ? ಥಲಸ್ಸೇಮಿಯಾ ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮಗುವಿನ ಮಜ್ಜೆಯಲ್ಲಿರುವ ದೋಷವೇ ಬಳ್ಳಿ ರಕ್ತದಲ್ಲೂ ಇರುತ್ತದೆ. ಮಕ್ಕಳ ಕೆಲವು ರಕ್ತ ಕ್ಯಾನ್ಸರ್‌ಗಳ ಬೀಜವೂ ಹುಟ್ಟುವಾಗಲೇ ರಕ್ತದಲ್ಲಿ ಇದ್ದದ್ದು ಸಿಕ್ಕಿದೆ. ಅದನ್ನೇ ಮತ್ತೆ ಮೈಗೆ ಹಾಕುತ್ತೀರಾ?

ಮೊಟ್ಟಮೊದಲ ಬಳ್ಳಿ ರಕ್ತದ ಕಸಿ 1988ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು, ಫ್ಯಾಂಕೋನಿ ಅನೀಮಿಯಾ (ಮಜ್ಜೆ ಸೋತು ರಕ್ತ ಮಾಡದಂತಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಇದ್ದ ಒಬ್ಬ ಹುಡುಗನಿಗೆ. ಯಾರ ರಕ್ತ ಗೊತ್ತಾ? ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟದ್ದು! ಹಾಗಾಗಿ ಮೊದಲ ಮಗುವಿಗೆ ಥಲಸ್ಸೇಮಿಯಾದಂಥದ್ದು ಇದ್ದು, ಈಗ ಎರಡನೆಯದು ಬರುತ್ತಿದ್ದರೆ ಮಾತು ಬೇರೆ. ಡಾಕ್ಟರನ್ನು ಕೇಳಿ ಇಡಿಸಿ. ಒಡಹುಟ್ಟಿದವರಲ್ಲೂ ಕಸಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದು ನೆನಪಿರಲಿ. ಮಿಕ್ಕವರು ಬಳ್ಳಿ ಕತ್ತರಿಸುವುದನ್ನು ಒಂದು ನಿಮಿಷವಾದರೂ ತಡೆಯಲು ಹೇಳಿ. ಆ ರಕ್ತ ಮಗುವಿಗೇ ಹೋಗುತ್ತದೆ, ಕಬ್ಬಿಣದಂಶ ಸಿಗುತ್ತದೆ. ಖರ್ಚೂ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಎಲೆ ಅಡಿಕೆ ಹಾಕುವವರಿದ್ದರೆ ಸುಣ್ಣದ ಪ್ಯಾಕೆಟ್ ಮಗುವಿನ ಕೈಗೆ ಸಿಗದಂತೆ ಇಡಿ. ಹಿಚುಕಿದರೆ ಸೀದಾ ಕಣ್ಣಿಗೆ ಸಿಡಿಯುತ್ತದೆ. ಕರಿಗುಡ್ಡೆಯ ಅಂಚಿನಲ್ಲೂ ಕಾಂಡಕೋಶಗಳಿವೆ, ಕಣ್ಣಿನ ಮೇಲಿನ ಪದರವನ್ನು ಹೊಸದು ಮಾಡುತ್ತಿರುವುದು ಅವೇ. ಸುಣ್ಣ ಅವನ್ನು ಸುಟ್ಟರೆ ದೃಷ್ಟಿ ಹೋದ ಹಾಗೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ಇದಕ್ಕೊಂದು ದಾರಿ ಹುಡುಕಿ 2012ರಲ್ಲಿ ಪ್ರಕಟಿಸಿದರು. ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ 2 ಮಿಲಿಮೀಟರ್ ತುಣುಕು ತೆಗೆದು, ಚೂರು ಮಾಡಿ, ಸುಟ್ಟ ಕಣ್ಣಿನ ಮೇಲೆ ನಾಟಿ ಹಾಕಿದಂತೆ ಅಂಟಿಸುತ್ತಾರೆ. ಕೆಳಗೆ ಹಾಸುವುದು ಏನು ಅಂದುಕೊಂಡಿರಿ? ನಾವು ಗುಂಡಿ ತೋಡಿ ಹೂಳುತ್ತೇವಲ್ಲ, ಆ ಮಾಸಿನ ಪೊರೆ.

ಸುಣ್ಣ ಸಿಡಿದರೆ ಎಣ್ಣೆ, ಎದೆಹಾಲು ಅಂತ ಹುಡುಕುತ್ತಾ ಕೂರಬೇಡಿ. ತಕ್ಷಣ ನಲ್ಲಿ ಕೆಳಗೆ ಹಿಡಿದು ಅರ್ಧ ಗಂಟೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ.