ಎಚ್ಚರಿಕೆ ಬಂತು, ಬಾಗಿಲು ತಟ್ಟುವವರು ಯಾರು?

ವಿಪತ್ತು ತರಬೇತಿ ಕೊಡಲು ಊರಿಗೆ ಹೋದಾಗ ನಾನು ಮೊದಲು ಕೇಳೋದು ಇದನ್ನೇ: ರಾತ್ರಿ ಎರಡು ಗಂಟೆಗೆ ನೀರು ನುಗ್ಗಿದರೆ ನಿಮ್ಮ ಬೀದಿಯಲ್ಲಿ ಎದ್ದು ಓಡಲು ಆಗದವರು ಯಾರಿದ್ದಾರೆ? ಹೆಸರುಗಳು ಪಟಪಟ ಬರುತ್ತವೆ. ಸರಿ, ಅವರನ್ನು ಎತ್ತಿಕೊಂಡು ಹೋಗುವವರು ಯಾರು ಅಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಒಡಿಶಾದಲ್ಲಿ ಈ ಪ್ರಶ್ನೆಗೆ ಉತ್ತರ ಇದೆ. 1999ರ ಅಕ್ಟೋಬರ್‌ನಲ್ಲಿ ಬಂದ ಚಂಡಮಾರುತ ಅಲ್ಲಿ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು, ರಾಜ್ಯದಲ್ಲಿ ಸಾವು 50 ದಾಟಲಿಲ್ಲ. ಹವಾಮಾನ ಮುನ್ಸೂಚನೆ ಸುಧಾರಿಸಿದ್ದು ನಿಜ, ಆದರೆ ಅದೊಂದರಿಂದಲೇ ಇದು ಆಗಲಿಲ್ಲ. ಚಂಡಮಾರುತ ತಡೆದುಕೊಳ್ಳುವ ಆಶ್ರಯ ಕಟ್ಟಡಗಳನ್ನು ಕಟ್ಟಿ, ಪ್ರತಿಯೊಂದಕ್ಕೂ ಊರಿನವರದ್ದೇ ಸಮಿತಿ ಮಾಡಿ, ಪ್ರಥಮ ಚಿಕಿತ್ಸೆ, ಬಿದ್ದ ಮರ ಕತ್ತರಿಸುವುದು, ಜನರನ್ನು ಕರೆತರುವುದು ಇದನ್ನೆಲ್ಲ ಹುಡುಗ ಹುಡುಗಿಯರಿಗೆ ಕಲಿಸಿದರು. ಬಾಗಿಲು ತಟ್ಟುವವರು ಪರಿಚಯದವರಾದರೆ ಜನ ನಂಬಿ ಹೊರಡುತ್ತಾರೆ, ಅಲ್ವಾ? 2018ರ ಕೇರಳ ಪ್ರವಾಹದಲ್ಲೂ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಕಾಪಾಡಿದರು.

ಕಾನೂನು, ದುಡ್ಡು ಎರಡೂ ಇವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲೆಯದ್ದಕ್ಕೆ ಜಿಲ್ಲಾಧಿಕಾರಿ. ಕೇಂದ್ರದ ಹಣ ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 10ರಷ್ಟನ್ನು ಪೂರ್ವಸಿದ್ಧತೆಗೇ ಇಟ್ಟಿತು, ಶೇ. 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಕ್ಕೆ. ನಿಮ್ಮ ಜಿಲ್ಲೆಯಲ್ಲಿ ಆ ಹಣ ಯಾವುದಕ್ಕೆ ಹೋಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಸಂಕೋಚ ಬೇಡ.

ಒಂದು ಅಣಕು ಕಾರ್ಯಾಚರಣೆ ಇನ್ನೂ ಕಣ್ಣ ಮುಂದಿದೆ. ಕಾಗದದ ಮೇಲೆ ಶಾಲೆಯೇ ಕಾಳಜಿ ಕೇಂದ್ರ, ಅಂದರೆ ಮನೆ ಬಿಟ್ಟು ಬಂದವರು ಉಳಿದುಕೊಳ್ಳುವ ಜಾಗ. ಜನರೆಲ್ಲ ನಡೆದು ಬಂದರು, ಗೇಟಿಗೆ ಬೀಗ. ಕೀ ಇದ್ದದ್ದು ಬೇರೆ ಊರಲ್ಲಿ ಮನೆ ಮಾಡಿದ್ದ ಮೇಷ್ಟ್ರ ಹತ್ತಿರ. ಯಾರದ್ದೂ ತಪ್ಪಲ್ಲ, ಅದುವರೆಗೆ ಯಾರೂ ನಡೆದು ನೋಡಿರಲಿಲ್ಲ ಅಷ್ಟೇ. ಅದಕ್ಕೇ ನಾನು ಹಗಲಿನ ಅಭ್ಯಾಸವನ್ನು ಜಾಸ್ತಿ ನಂಬಲ್ಲ. ಕತ್ತಲಲ್ಲಿ, ಕರೆಂಟ್ ತೆಗೆದು, ಫೋನ್ ಇಲ್ಲದೆ ಒಮ್ಮೆ ಮಾಡಿ ನೋಡಿ.

ಇನ್ನೊಂದು ಮಾತು, ಇದನ್ನು ಅಧಿಕಾರಿಗಳು ಸಲೀಸಾಗಿ ಮರೆಯುತ್ತಾರೆ. ಎಷ್ಟೋ ಜನ ಮನೆ ಬಿಡದೇ ಇರೋದು ಹಟದಿಂದಲ್ಲ, ದನಕರುಗಳನ್ನು ಬಿಟ್ಟು ಹೋಗಲಾರದೆ. ಹೊಳೆದಂಡೆಯ ಒಂದು ಊರಲ್ಲಿ ಒಬ್ಬ ಅಜ್ಜಿ ನನಗೆ, 'ನನ್ನ ಎಮ್ಮೆಗೆ ಜಾಗ ತೋರಿಸಪ್ಪ, ಆಮೇಲೆ ನಾನು ಬರ್ತೀನಿ' ಅಂದರು. ಅವತ್ತಿನಿಂದ ಊರಿನಲ್ಲಿ ಯಾರ್ಯಾರನ್ನು ಕರೆತರಬೇಕು ಅಂತ ಪಟ್ಟಿ ಬರೆಸುವಾಗ ಮನುಷ್ಯರ ಹೆಸರಿನ ಪಕ್ಕದಲ್ಲೇ ದನಗಳ ಲೆಕ್ಕ, ಅವನ್ನು ಕಟ್ಟುವ ಎತ್ತರದ ಜಾಗ, ಮೇವು ತರುವವರ ಹೆಸರು ಮೂರನ್ನೂ ಬರೆಸುತ್ತೇನೆ.