ಕಡತದ ಮೊದಲ ಸಾಲು: ಮಗುವೋ, ವಿದೇಶಿಯೋ?

ಸಾಗರ, ಹೊಸನಗರದ ಕಡೆ ‘ನಿರಾಶ್ರಿತರು’ ಎಂದರೆ ಹಿರಿಯರ ನೆನಪು ಓಡುವುದು ಶರಾವತಿಗೆ. ಮೊದಲು ಮಡೆನೂರಿನ ಅಣೆಕಟ್ಟು, ಆಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ, ಪಾತ್ರೆ ಪಗಡ ಹೊತ್ತು ಹೊರಟ ಮನೆಗಳು, ಹಕ್ಕುಪತ್ರಕ್ಕಾಗಿ ತಲೆಮಾರುಗಟ್ಟಲೆ ಅಲೆದಾಟ. ಆ ಜನ ಗದ್ದೆ ತೋಟ ಕಳೆದುಕೊಂಡರೂ ಪೌರತ್ವ ಕಳೆದುಕೊಳ್ಳಲಿಲ್ಲ. ಮತ ಹಾಕಿದರು, ಧರಣಿ ಕೂತರು, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದರು. ಕಾನೂನಿನ ಭಾಷೆಯ ನಿರಾಶ್ರಿತ ಬೇರೆ. ಅವನು ದೇಶದ ಗಡಿ ದಾಟಿ ಬಂದವನು, ತಿರುಗಿ ಹೋದರೆ ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಚಕಾರ ಎಂದು ಸಕಾರಣವಾಗಿ ಹೆದರಿದವನು. ಸೊರಬ ದಾಟಿ ಬನವಾಸಿ ಮೇಲೆ ಮುಂಡಗೋಡಕ್ಕೆ ಹೋದರೆ ಟಿಬೆಟಿನಿಂದ ಬಂದ ಅಂಥವರ ಮೊಮ್ಮಕ್ಕಳು ಶಾಲೆಗೆ ಹೋಗುವುದು ಕಾಣುತ್ತದೆ.

ಭಾರತದಲ್ಲಿ ನಿರಾಶ್ರಿತರಿಗೆಂದೇ ಮಾಡಿದ ಕಾಯ್ದೆ ಇಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕಾಗಲಿ, 1967ರ ಅದರ ಪೂರಕ ಒಪ್ಪಂದಕ್ಕಾಗಲಿ ನಾವು ಸೇರಿಲ್ಲ. ಮಕ್ಕಳಿಗೆ ಮಾತ್ರ ಗಟ್ಟಿ ಕಾಯ್ದೆಗಳಿವೆ. ಹಾಗಾಗಿ ‘ನಿರಾಶ್ರಿತ ಮಗು’ ಎಂಬ ಜೋಡಿಪದದಲ್ಲಿ ಕಾನೂನಿನ ಬಲ ಇರುವುದು ಎರಡನೆಯ ಪದಕ್ಕೆ. ಠಾಣೆಯಲ್ಲೋ ಶಾಲೆಯಲ್ಲೋ ತೆರೆಯುವ ಕಡತದ ಮೊದಲ ಸಾಲಿನಲ್ಲಿ ‘ವಿದೇಶಿ’ ಎಂದು ಬರೆದರೆ ಒಂದು ದಾರಿ, ‘ಮಗು’ ಎಂದು ಬರೆದರೆ ಇನ್ನೊಂದು.

1951ರ ಒಪ್ಪಂದವೂ ಮಕ್ಕಳ ಬಗ್ಗೆ ಹೆಚ್ಚು ಮಾತಾಡಿಲ್ಲ. ಪ್ರಾಥಮಿಕ ಶಿಕ್ಷಣ, ಮಕ್ಕಳ ಧಾರ್ಮಿಕ ಶಿಕ್ಷಣ, ಇಷ್ಟು ಬಂದಿದೆ. ಒಂಟಿಯಾಗಿ ಬಂದ ಮಕ್ಕಳ ಪಾಲಕತ್ವದ ಮಾತು ಒಪ್ಪಂದದ ಒಡಲಲ್ಲಿಲ್ಲ, ಜೊತೆಗೆ ಹೊರಟ ಶಿಫಾರಸಿನಲ್ಲಿದೆ. ಆಶ್ರಯ ಕೇಳುವವನೆಂದರೆ ಬೆಳೆದ ಗಂಡಸು, ಮಕ್ಕಳು ಅವನ ಹಿಂದೆ ಬರುವವರು ಎಂಬ ಕಲ್ಪನೆ ಅದು. ಆದರೆ ಒಪ್ಪಂದ ಹುಟ್ಟುವ ಮೊದಲೇ ನಮ್ಮಲ್ಲಿ ಬೇರೆಯ ಉದಾಹರಣೆ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ನೆಲದಿಂದ ಹೊರಬಿದ್ದ ಪೋಲೆಂಡಿನ ನೂರಾರು ಮಕ್ಕಳಿಗೆ ನವಾನಗರ ಸಂಸ್ಥಾನದ ದೊರೆ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿ 1942ರಲ್ಲಿ ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಶಿಬಿರ ಕಟ್ಟಿಸಿಕೊಟ್ಟರು.

ಮಗುವನ್ನೇ ನೇರವಾಗಿ ಹೆಸರಿಸಿದ್ದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ. ಅದರ 22ನೇ ವಿಧಿಯ ಪ್ರಕಾರ ಆಶ್ರಯ ಕೇಳುವ ಮಗು ಅಪ್ಪ ಅಮ್ಮನ ಜೊತೆ ಬಂದಿರಲಿ, ಒಂಟಿಯಾಗಿ ಬಂದಿರಲಿ, ರಕ್ಷಣೆ ಕೊಡಬೇಕು, ಕುಟುಂಬವನ್ನು ಹುಡುಕಿಸಬೇಕು. ಸಿಗದಿದ್ದರೆ ಆ ದೇಶದ ಅನಾಥ ಮಗುವಿಗೆ ಸಿಗುವಷ್ಟೇ ಆಸರೆ ಸಿಗಬೇಕು. ಭಾರತ ಇದನ್ನು 1992ರ ಡಿಸೆಂಬರ್ 11ರಂದು ಒಪ್ಪಿಕೊಂಡಿತು. 1951ರದ್ದಕ್ಕೆ ಹೊರಗುಳಿದ ದೇಶ 1989ರದ್ದಕ್ಕೆ ಒಳಗೆ ಬಂತು. ವಕೀಲರು ಇಂದಿಗೂ ಹಿಡಿದುಕೊಳ್ಳುವ ಎಳೆ ಇದೇ.

ಒಡಂಬಡಿಕೆ ಬರುವ ಹೊತ್ತಿಗೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಇಪ್ಪತ್ತಮೂರು ವರ್ಷ ಆಗಿತ್ತು. 1959ರ ಮಾರ್ಚಿನಲ್ಲಿ ದಲೈ ಲಾಮಾ ಬಂದ ಮೇಲೆ ಹಿಂದೆ ಬಂದ ಟಿಬೆಟಿಯನ್ನರಲ್ಲಿ ಬಹಳ ಮಂದಿ ಹಿಮಾಲಯದ ರಸ್ತೆ ಕೆಲಸಕ್ಕೆ ಬಿದ್ದರು. ಕಲ್ಲು ಒಡೆಯುವ ಶಿಬಿರಗಳಲ್ಲಿ ಮಕ್ಕಳು ಕಾಯಿಲೆ ಬಿದ್ದರು. 1960ರ ಮೇನಲ್ಲಿ ಜಮ್ಮುವಿನ ಕಡೆಯ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ತಂದು ಶಿಶುವಿಹಾರ ಶುರುಮಾಡಲಾಯಿತು. ಅತ್ತ ಮೈಸೂರು ರಾಜ್ಯ ಜಮೀನು ಕೊಡಲು ಒಪ್ಪಿತು. ಕೊಡಗಿನ ಅಂಚಿನ ಬೈಲಕುಪ್ಪೆ ಮೊದಲಿನದು, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದ ಕಾಡಂಚಿನಲ್ಲಿ ಸುಮಾರು 4,000 ಎಕರೆಯಲ್ಲಿ ಇನ್ನೊಂದು. ಮಕ್ಕಳ ಶಾಲೆಗೆ ಕೇಂದ್ರ ಶಿಕ್ಷಣ ಸಚಿವಾಲಯದಡಿ 1961ರಲ್ಲೇ ಪ್ರತ್ಯೇಕ ಆಡಳಿತ ಬಂತು. ಇದ್ಯಾವುದೂ ಕಾಯ್ದೆಯಿಂದ ಬಂದ ಹಕ್ಕಲ್ಲ, ಸರ್ಕಾರದ ಆದೇಶದಿಂದ ಬಂದ ಸೌಲಭ್ಯ. ಆದೇಶ ಕೊಟ್ಟವರು ಅದನ್ನು ಬದಲಿಸಲೂಬಹುದು.

ಆ ಮಕ್ಕಳು ಬೆಳೆದಾಗ ಪೌರತ್ವದ ಪ್ರಶ್ನೆ ಎದುರಾಯಿತು. 1955ರ ಪೌರತ್ವ ಕಾಯ್ದೆಯ 3ನೇ ಕಲಮಿನಲ್ಲಿ ತಾರೀಖುಗಳೇ ಎಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ಕೆಲವು ವಿನಾಯಿತಿ ಬಿಟ್ಟರೆ, ಅಪ್ಪ ಅಮ್ಮ ಯಾರೇ ಆಗಿರಲಿ, ಹುಟ್ಟಿನಿಂದಲೇ ಪೌರರು. ಆಮೇಲೆ 2004ರ ಡಿಸೆಂಬರ್ 3ರ ತನಕ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಅದರ ನಂತರ ಹುಟ್ಟಿದವರಿಗೆ ಒಬ್ಬರು ಭಾರತೀಯರಾಗಿರುವುದೂ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಒಂದೇ ಕ್ಯಾಂಪಿನ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪೌರಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಅಕ್ಕನಿಗೂ ಇದನ್ನು ಕೋರ್ಟಿನಲ್ಲೇ ಗೆಲ್ಲಬೇಕಾಯಿತು. 2010ರ ಡಿಸೆಂಬರಿನಲ್ಲಿ ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, 2013ರ ಆಗಸ್ಟಿನಲ್ಲಿ ಲಿಂಗ್ ರಿಂಪೋಚೆ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇದನ್ನೇ ಎತ್ತಿಹಿಡಿದವು. ತಮ್ಮನ ವಿಷಯದಲ್ಲಿ ಯಾವ ಕೋರ್ಟೂ ಏನೂ ಮಾಡಲಾಗದು, ಕಲಮಿನ ಮಾತು ಅಷ್ಟು ಸ್ಪಷ್ಟ.

ಟಿಬೆಟಿಯನ್ನರದ್ದು ಒಳ್ಳೆಯ ಸ್ಥಿತಿಯೆಂದೇ ಹೇಳಬೇಕು. ಮ್ಯಾನ್ಮಾರ್, ಸೊಮಾಲಿಯಾ ಅಥವಾ ಅಫ್ಘಾನಿಸ್ತಾನದಿಂದ ಬಂದ ಮಗುವಿಗೆ ಇದಾವುದೂ ಇಲ್ಲ. ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಅರ್ಜಿ ಪಡೆದು, ಸಂದರ್ಶನ ಮಾಡಿ, ಕಾರ್ಡ್ ಕೊಡುತ್ತದೆ. ಆ ಕಾರ್ಡ್ ವೀಸಾ ಅಲ್ಲ. ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರಿನಲ್ಲಿ ಹೊರಡಿಸಿದ ಕಾರ್ಯವಿಧಾನದಲ್ಲಿ, ಜನಾಂಗ, ಧರ್ಮ, ಲಿಂಗ, ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೆ ಹೆದರಿ ಬಂದವರೆಂದು ಮೇಲ್ನೋಟಕ್ಕೆ ಕಂಡರೆ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಲು ಅವಕಾಶವಿದೆ. ಅದು ಸಿಕ್ಕರೆ ಕಾಲೇಜು ಓದಬಹುದು, ಖಾಸಗಿ ಕೆಲಸಕ್ಕೂ ಸೇರಬಹುದು.

2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯ್ದೆಯ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ದಾಖಲೆಯಿಲ್ಲದೆ ದೇಶದೊಳಗೆ ಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಾಯಿತ ಟಿಬೆಟಿಯನ್ನರಿಗೆ, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ, 2024ರ ಕೊನೆಯೊಳಗೆ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಬಂದ ಆರು ಅಲ್ಪಸಂಖ್ಯಾತ ಸಮುದಾಯದವರಿಗೆ ವಿನಾಯಿತಿ ಕೊಟ್ಟಿದ್ದಾರೆ. ಮ್ಯಾನ್ಮಾರಿನ ರೋಹಿಂಗ್ಯಾ ಮಗು, ಚಿನ್ ಮಗು ಈ ಪಟ್ಟಿಯಲ್ಲಿಲ್ಲ.

ಕೋರ್ಟುಗಳ ಮಾತು ಎರಡು ಕಡೆಗೂ ಎಳೆಯುತ್ತದೆ. ಸಂವಿಧಾನದ 21ನೇ ವಿಧಿ ‘ಪೌರ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಅದನ್ನು ಹಿಡಿದೇ 1996ರಲ್ಲಿ ಸುಪ್ರೀಂ ಕೋರ್ಟ್ ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತು. 1998ರಲ್ಲಿ ಗುಜರಾತ್ ಹೈಕೋರ್ಟ್, 2021ರ ಮೇನಲ್ಲಿ ಮಣಿಪುರ ಹೈಕೋರ್ಟ್, ಅಪಾಯವಿರುವ ಕಡೆಗೆ ತಳ್ಳಬಾರದೆಂಬ ತತ್ವ ಇದೇ ವಿಧಿಯಲ್ಲಿ ಅಡಗಿದೆ ಎಂದವು. ಆದರೆ ಅದೇ 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಬೇರೆ ಹೇಳಿತು: ಗಡೀಪಾರಾಗದಿರುವ ಹಕ್ಕು ಪೌರರಿಗೆ ಮಾತ್ರ ಇರುವ ವಾಸದ ಹಕ್ಕಿಗೆ ಅಂಟಿಕೊಂಡದ್ದು, ನಿಗದಿತ ವಿಧಾನ ಪಾಲಿಸಿದರೆ ಕಳಿಸಬಹುದು.

ಮೇಲಿನ ಕೋರ್ಟು ಹೀಗಿರುವಾಗ ಜಿಲ್ಲೆಯಲ್ಲಿ ಕೈಗೆ ಸಿಗುವ ಸಾಧನ 2015ರ ಬಾಲನ್ಯಾಯ ಕಾಯ್ದೆ. ಹದಿನೆಂಟು ತುಂಬದ ಪ್ರತಿಯೊಬ್ಬರೂ ಇದರ ಕಣ್ಣಿಗೆ ಮಗು, ರಾಷ್ಟ್ರೀಯತೆ ಕೇಳುವುದಿಲ್ಲ. ನೆಲೆ ಇಲ್ಲದ ಮಗು, ಸಶಸ್ತ್ರ ಸಂಘರ್ಷಕ್ಕೆ ಸಿಕ್ಕ ಮಗು, ಇಬ್ಬರೂ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು’. ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲೋ, ಕಾಫಿ ತೋಟದ ಲೈನ್ ಮನೆಯಲ್ಲೋ ಇಂಥ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಒಂಟಿ ಮಗು ಕಂಡೂ 24 ಗಂಟೆಯೊಳಗೆ ತಿಳಿಸದಿದ್ದರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ದಂಡ, ಅಥವಾ ಎರಡೂ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೊಸನಗರದ ಮೂಲೆಯ ಊರಿಂದ ಶಿವಮೊಗ್ಗಕ್ಕೆ ಬರುವ ದಾರಿಯ ಹೊತ್ತು ಇದರಲ್ಲಿ ಸೇರುವುದಿಲ್ಲ. ಸಮಿತಿ ಸೇರದ ದಿನವಾದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು. ಸಾಮಾಜಿಕ ತನಿಖಾ ವರದಿ 15 ದಿನದೊಳಗೆ, ಅಂತಿಮ ಆದೇಶ ನಾಲ್ಕು ತಿಂಗಳೊಳಗೆ. ಬಾಲಮಂದಿರ ಕೊನೆಯ ಆಯ್ಕೆ, ಅದಕ್ಕೆ ಮೊದಲು ಯೋಗ್ಯ ವ್ಯಕ್ತಿಯ ಮನೆಯನ್ನು ನೋಡಬೇಕು.

ದಾಖಲೆಯಿಲ್ಲದೆ ಬಂದದ್ದಕ್ಕೆ ಠಾಣೆ ಪ್ರಕರಣ ದಾಖಲಿಸಿದರೂ ಮಗು ಹೋಗಬೇಕಾದ್ದು ಆರೋಪ ಹೊತ್ತ ಮಕ್ಕಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಗೆ. ಲಾಕಪ್ಪಿಗೂ ಅಲ್ಲ, ಜೈಲಿಗೂ ಅಲ್ಲ. ಪ್ರತಿ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂಬ ನಿಯಮ ಇದಕ್ಕೇ ಇದೆ. ಎಡವಟ್ಟಾಗುವುದು ದೊಡ್ಡವರ ಜೊತೆ ಸಿಕ್ಕ ಮಕ್ಕಳ ವಿಷಯದಲ್ಲಿ. ತಾಯಿಯನ್ನು ನೆಲಮಂಗಲದ ಬಳಿಯ ಸೊಂಡೆಕೊಪ್ಪದ ವಿದೇಶಿಯರ ಬಂಧನ ಕೇಂದ್ರಕ್ಕೆ, ಮಗುವನ್ನು ಬಾಲಮಂದಿರಕ್ಕೆ ಕಳಿಸಿದರೆ ಎರಡು ಕಡತ, ಎರಡು ಇಲಾಖೆ. ಮುಂದೆ ಒಂದನ್ನು ಇನ್ನೊಂದಕ್ಕೆ ಹೊಂದಿಸುವವರಿಲ್ಲ. ಮೊದಲ ದಿನವೇ ತಾಯಿಯ ಹೆಸರು, ಪ್ರಕರಣದ ಸಂಖ್ಯೆ, ಇರುವ ಜಾಗ ಇಷ್ಟನ್ನೂ ಸಮಿತಿಯ ಆದೇಶದಲ್ಲಿ ಬರೆಸಬೇಕು.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಮಗುವನ್ನು ಊರಿಗೆ ಮರಳಿಸುವುದು ಬಾಲನ್ಯಾಯ ಕಾಯ್ದೆಯ ತತ್ವಗಳಲ್ಲೊಂದು. ಬಿಹಾರದಿಂದ ಓಡಿಬಂದ ಹುಡುಗನಿಗೆ ಅದು ಸರಿ. ಆಶ್ರಯ ಬೇಡಿ ಬಂದ ಮಗುವಿನ ವಿಳಾಸ ಹುಡುಕಲೆಂದು ಅದೇ ದೇಶದ ರಾಯಭಾರ ಕಚೇರಿಗೆ ಪತ್ರ ಬರೆದರೆ, ಅಲ್ಲಿ ಉಳಿದ ಬಂಧುಗಳ ತಲೆಗೆ ಬರಬಹುದು. ಆದ್ದರಿಂದ ‘ವಾಪಸು ಹೋಗಲು ಹೆದರಿಕೆ ಇದೆಯೇ, ಯಾರ ಹೆದರಿಕೆ’ ಎಂದು ಪತ್ರ ಹೊರಡುವ ಮೊದಲೇ ಕೇಳಿ ದಾಖಲಿಸಬೇಕು. ದುಭಾಷಿ ಬೇಕು, ಮತ್ತು ಮಗುವನ್ನು ಕರೆತಂದವನೇ ದುಭಾಷಿಯಾಗಬಾರದು. ಅವನು ‘ಚಿಕ್ಕಪ್ಪ’ ಎಂದು ಹೇಳಿಕೊಂಡರೂ ಸಾಗಾಟದ ಏಜೆಂಟ್ ಆಗಿರಬಹುದು. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಗುವಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು.

ಹುಟ್ಟಿನ ನೋಂದಣಿ ಸುಲಭವಾದ ಕೆಲಸ, ಜನ ತಪ್ಪಿಸಿಕೊಳ್ಳುವುದೂ ಅದನ್ನೇ. 1969ರ ಕಾಯ್ದೆಯಂತೆ ಮಗು ಯಾರದೇ ಆಗಿರಲಿ, ಹುಟ್ಟಿದ ಜಾಗದಲ್ಲಿ 21 ದಿನದೊಳಗೆ ನೋಂದಣಿ ಆಗಬೇಕು. ವರ್ಷ ದಾಟಿದರೆ ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಯ ಆದೇಶ ಬೇಕು. ಜನನ ಪ್ರಮಾಣಪತ್ರದಿಂದ ಪೌರತ್ವ ಬರುವುದಿಲ್ಲ, ಹುಟ್ಟಿದ ದಿನ ಮತ್ತು ತಾಯಿಯ ಹೆಸರು ಗಟ್ಟಿಯಾಗುತ್ತವೆ. ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸಿಕೊಂಡು ಸುಮ್ಮನಿದ್ದ ಕುಟುಂಬಕ್ಕೆ ಮುಂದೆ ಆ ಮಗು ತಮ್ಮದೇ ಎಂದು ತೋರಿಸಲೂ ಕಾಗದವಿರುವುದಿಲ್ಲ.

ಶಾಲೆಯ ವಿಷಯದಲ್ಲಿ ಕಾನೂನು ನೇರವಾಗಿದೆ. ಸಂವಿಧಾನದ 21ಎ ವಿಧಿ 6ರಿಂದ 14ರ ‘ಎಲ್ಲ ಮಕ್ಕಳಿಗೆ’ ಎನ್ನುತ್ತದೆ. ವಯಸ್ಸಿನ ಪುರಾವೆ ಇಲ್ಲವೆಂದು ಸೇರಿಸಿಕೊಳ್ಳದಿರುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಬೇಕು. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಕಾಯ್ದೆಯಂತೆ ವಿದೇಶಿ ವಿದ್ಯಾರ್ಥಿಯ ಮಾಹಿತಿಯನ್ನು ಶಾಲೆ ನೋಂದಣಿ ಅಧಿಕಾರಿಗೆ ಕೊಡಬೇಕಾಗಬಹುದು, ಅದು ಸೇರಿಸಿಕೊಂಡ ಮೇಲಿನ ಕೆಲಸ. ತಿಳಿಸುವ ಹೊಣೆಯನ್ನು ನಿರಾಕರಿಸುವ ಅಧಿಕಾರ ಎಂದು ಓದಿಕೊಳ್ಳುವ ಮೇಷ್ಟ್ರುಗಳಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಅದೇ ಮೇಷ್ಟ್ರ ಪೆನ್ನಿಗೆ ಇನ್ನೊಂದು ಶಕ್ತಿಯೂ ಇದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿ ವಯಸ್ಸು ನಿರ್ಧರಿಸುವಾಗ ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿಯ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಮೂಳೆಯ ಎಕ್ಸ್‌ರೇಯಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಕೋರ್ಟುಗಳೇ ಒಪ್ಪಿವೆ, ಹದಿನಾರರ ಹುಡುಗ ಹದಿನೆಂಟಾಗಿಬಿಡಬಹುದು. ಕಾಗದವಿಲ್ಲದೆ ಬಂದವರಿಗೆ ‘ಜನವರಿ 1’ ಎಂದು ಅಂದಾಜಿನ ತಾರೀಖು ಹಾಕುವುದು ಎಲ್ಲೆಡೆಯ ರೂಢಿ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗಿಗೆ ಅದರಿಂದ ಹನ್ನೊಂದು ತಿಂಗಳ ರಕ್ಷಣೆ ಹೋಗುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಅನುಪಾಲನೆಯ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ಆಸರೆಯ, ನೆರವು ಸಿಗಬಹುದು, ಆದರೆ ಅದನ್ನು ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಮೊದಲೇ ಸೇರಿಸಿರಬೇಕು. ವೀಸಾ, ನೋಂದಣಿ ಅರ್ಜಿಗಳು ಬಾಲಮಂದಿರದಲ್ಲಿರುವಾಗಲೇ ಹೋಗಿರಬೇಕು. ಇಲ್ಲದಿದ್ದರೆ ದಾಖಲಾತಿ ಪುಸ್ತಕದಲ್ಲಿ ಯಾರೋ ಅಂದಾಜಿನಲ್ಲಿ ಬರೆದ ಆ ತಾರೀಖಿನ ಬೆಳಿಗ್ಗೆ ಅವಳ ಕಡತ ಸಮಿತಿಯ ಕಪಾಟಿನಿಂದ ಜಿಲ್ಲಾ ಪೊಲೀಸ್ ಕಚೇರಿಯ ವಿದೇಶಿಯರ ವಿಭಾಗಕ್ಕೆ ಹೋಗುತ್ತದೆ.