ದುಬೈನಲ್ಲಿದ್ದುಕೊಂಡು ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಡಬಹುದೇ?

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ದುಬೈನಲ್ಲಿ ಕೆಲಸದಲ್ಲಿದ್ದೇನೆ. ವೈಟ್‌ಫೀಲ್ಡ್ ಕಡೆ 80 ಲಕ್ಷ ರೂಪಾಯಿಯ ಫ್ಲಾಟ್ ನೋಡಿದ್ದೇನೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುತ್ತದಂತೆ. ಕೊಳ್ಳಬಹುದೇ?

ಉತ್ತರ: ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಅನಿವಾಸಿ ಭಾರತೀಯರು ಕೊಳ್ಳುವಂತಿಲ್ಲದ್ದು ಕೃಷಿ ಜಮೀನು, ತೋಟ ಮತ್ತು ಫಾರ್ಮ್‌ಹೌಸ್‌ಗಳನ್ನು. ಆದರೆ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ ಎಲ್ಲವೂ ಸೇರಿದರೆ ಸುಮಾರು 6 ಲಕ್ಷ ರೂಪಾಯಿ ಆಗುತ್ತದೆ. ಅಂದರೆ ನೀವು ಹೇಳುವ ಬಾಡಿಗೆಯ ಮೊದಲ ಎರಡು ವರ್ಷದ ಹಣ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಮುಗಿಯಿತು. ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ) ಮತ್ತು ಋಣಭಾರ ಪತ್ರಗಳನ್ನು (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಇಸಿ) ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಇನ್ನು ತೆರಿಗೆ. ಮಾಲೀಕರು ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ಸಾಮಾನ್ಯವಾಗಿ ಶೇ. 31.2ರಷ್ಟು ಟಿಡಿಎಸ್ (ಬಾಡಿಗೆ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಹೆಚ್ಚು ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು, ನಿಜ. ಆದರೆ ಈ ಕಾಗದಪತ್ರದ ಗೋಜಿಗೆ ಹೆದರಿ ಒಳ್ಳೆಯ ಬಾಡಿಗೆದಾರರು ಪಕ್ಕದ ಫ್ಲಾಟಿಗೆ ಹೋಗಿಬಿಡುವುದೂ ಉಂಟು.

ಇಷ್ಟಾದರೂ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಹಣದ್ದಲ್ಲ. ನಿಮ್ಮ ಬಚ್ಚಲಿನಿಂದ ನೀರಿಳಿದು ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಒದ್ದೆ ಕಲೆ ಮೂಡಿದ ದಿನ ಪ್ಲಂಬರ್‌ನನ್ನು ಕರೆತಂದು, ಟೈಲ್ಸ್ ಒಡೆಸಬೇಕೋ ಬೇಡವೋ ಎಂದು ನಿಂತು ನೋಡುವವರು ಯಾರು? ಸಂಬಂಧಿಕರು ಮೊದಲ ವರ್ಷ ಉತ್ಸಾಹದಿಂದ ಓಡಾಡುತ್ತಾರೆ, ಎರಡನೆಯ ವರ್ಷ ಫೋನ್ ಎತ್ತುವುದು ತಡವಾಗುತ್ತದೆ; ಅವರನ್ನು ದೂರುವಂತಿಲ್ಲ. ಆದ್ದರಿಂದ ಸಂಬಳ ಕೊಟ್ಟೇ ಒಬ್ಬರನ್ನು ಗೊತ್ತುಮಾಡಿ, ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿ. ಅವರಿಗೆ ಕೊಡುವ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ಬಾಡಿಗೆಗೆ ಕೊಡುವುದಕ್ಕೂ ದುರಸ್ತಿಗೂ ಸೀಮಿತಗೊಳಿಸಿ, ಮಾರಾಟದ ಹಕ್ಕು ಕೊಡಬೇಡಿ. ದುಬೈನಲ್ಲಿ ಸಹಿ ಮಾಡಿದ ಪತ್ರಕ್ಕೆ ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಕರಾರು 11 ತಿಂಗಳಿಗೇ ಇರಲಿ, ಏಕೆಂದರೆ ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಕೀಲಿ ಕೊಡುವ ದಿನವೇ ಗೋಡೆ, ಗೀಸರ್, ವಿದ್ಯುತ್ ಮೀಟರಿನ ಅಂಕಿಗಳ ಫೋಟೊ ತೆಗೆಸಿ ಇಬ್ಬರಿಗೂ ಕಳಿಸಲು ಹೇಳಿ. ಅಡ್ವಾನ್ಸ್ ಹಿಂದಿರುಗಿಸುವಾಗ ಪೇಂಟಿಂಗ್ ಖರ್ಚಿನ ಬಗ್ಗೆ ಏಳುವ ಜಗಳವನ್ನು ಫೋನಿನಲ್ಲಿ ಬಗೆಹರಿಸಲಾಗದು.